ಬೆಳ್ಳಗೆ ಮಾಡಿಸಿದ ಫೋಟೋ

ಫೋಟೋ ಸರಿಯಿಲ್ಲ ಅಂತ ಅರ್ಜಿ ವಾಪಸ್ ಬಂದ ಮನೆ ನಮ್ಮ ಕಡೆ ಒಂದೇ, ಎರಡೇ? ಒಬ್ಬರದು ಕಣ್ಣು ಮುಚ್ಚಿತ್ತು ಅಂತ ಬಂತು. ಇನ್ನೊಬ್ಬರದು ಹಿಂದೆ ಹೂವಿನ ಪರದೆ ಇತ್ತು ಅಂತ ಬಂತು. ಮತ್ತೊಬ್ಬ ಪುಣ್ಯಾತ್ಮ ಕರಿ ಕನ್ನಡಕ ಹಾಕಿಕೊಂಡೇ ತೆಗೆಸಿದ್ದ, ಅವನದೂ ಬಂತು. ವಾಪಸ್ ಬಂದಾಗ ಎಲ್ಲರೂ ಬಯ್ಯುವುದು ಆಫೀಸಿನವರನ್ನೇ. ಮಾಂಬಳ್ಳಿಯ ಬಸವಮ್ಮನ ಮನೆಗೂ ಹೀಗೇ ಒಂದು ಫೋಟೋ ವಾಪಸ್ ಬಂತು. ಆದರೆ ಬಸವಮ್ಮ ಆಫೀಸಿನವರನ್ನು ಬಯ್ಯಲಿಲ್ಲ, ಬಯ್ಯಲು ಅವಳಿಗೆ ಬಾಯೇ ಬರಲಿಲ್ಲ. ಯಾಕೆ ಅಂತ ಕೇಳಿ.

ಬಸವಮ್ಮನ ಮಗ ಮಲ್ಲಿಕಾರ್ಜುನಸ್ವಾಮಿ ಒಮಾನ್ ದೇಶದ ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ. ಸೊಸೆ ಕೋಮಲ, ಹನೂರಿನ ಆಚೆ ಅಜ್ಜೀಪುರದ ಹೆಣ್ಣು. ಅವರಿಗೆ ಹತ್ತು ತಿಂಗಳ ಹೆಣ್ಣುಕೂಸು, ಗಾನವಿ. ಆ ಕೂಸನ್ನು ಅದರ ಅಪ್ಪ ನೋಡಿರುವುದು ಫೋನಿನಲ್ಲಿ ಮಾತ್ರ. ದಿನಾ ಫೋನಿನೊಳಗಿಂದಲೇ ಕೈ ಚಾಚುತ್ತಿದ್ದ, ಕೂಸು ಫೋನನ್ನೇ ನೆಕ್ಕುತ್ತಿತ್ತು. ಇದನ್ನು ನೋಡಿ ಮನೆಯವರೆಲ್ಲ ನಗುತ್ತಿದ್ದರು, ಫೋನ್ ಇಟ್ಟ ಮೇಲೆ ಕೋಮಲ ಮಾತ್ರ ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡು ಬರುತ್ತಿದ್ದಳು.

ಅಂಥದ್ದರಲ್ಲಿ ಒಂದು ಒಳ್ಳೆಯ ಸುದ್ದಿ ಬಂತು. ಸಂಸಾರ ಕರೆಸಿಕೊಳ್ಳುವವರಿಗೆ ಕಂಪನಿಯೇ ಮನೆ ಕೊಡುತ್ತದಂತೆ. ಆದರೆ ತಿಂಗಳ ಕೊನೆಯೊಳಗೆ ತಾಯಿ, ಮಗು ಇಬ್ಬರ ಪಾಸ್‌ಪೋರ್ಟ್ ನಕಲೂ ಅಲ್ಲಿಗೆ ಸೇರಬೇಕು. ತಪ್ಪಿದರೆ ಆ ಮನೆ ಸರತಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ, ಮತ್ತೆ ಇವರ ಸರತಿ ಬರಲು ಎರಡು ವರ್ಷ ಬೇಕು. ಕೋಮಲನ ಪಾಸ್‌ಪೋರ್ಟ್ ಆಗಲೇ ಕೈಯಲ್ಲಿತ್ತು. ಆಗಬೇಕಾದದ್ದು ಕೂಸಿನದು ಒಂದೇ.

ದೊಡ್ಡವರಿಗಾದರೆ ಪಾಸ್‌ಪೋರ್ಟ್ ಕಚೇರಿಯಲ್ಲೇ ಫೋಟೋ ತೆಗೆಯುತ್ತಾರೆ. ನಾಲ್ಕು ವರ್ಷದೊಳಗಿನ ಮಕ್ಕಳದು ಮಾತ್ರ ನಾವೇ ತೆಗೆಸಿಕೊಂಡು ಹೋಗಬೇಕು. ತಂದೆಯ ಒಪ್ಪಿಗೆ ಕಾಗದ, ಆ ಕಾಗದ, ಈ ಕಾಗದ ಅಂತ ಕೋಮಲ ಕೊಳ್ಳೇಗಾಲಕ್ಕೆ ಓಡಾಡುತ್ತಿದ್ದಳು. ಅದಕ್ಕೇ ಬಸವಮ್ಮ, "ಫೋಟೋ ಚಿಂತೆ ನಿಂಗೆ ಬ್ಯಾಡ ಕಣವ್ವ, ನಾನು ತೆಗೆಸ್ಕಂಡ್ ಬತ್ತೀನಿ," ಅಂದಳು. ಸೊಸೆಗೆ ಎಷ್ಟೋ ನಿರಾಳವಾಯಿತು.

ಈಗ ಒಂದು ಮಾತು ಹೇಳಲೇಬೇಕು. ಬಸವಮ್ಮ ಕೆಟ್ಟವಳಲ್ಲ. ಬಾಣಂತನದಲ್ಲಿ ಸೊಸೆಯ ಕೈಗೆ ತಣ್ಣೀರು ಸೋಕಿಸಿದವಳಲ್ಲ. ಮೊಮ್ಮಗಳನ್ನು ಸೊಂಟದಿಂದ ಕೆಳಗಿಳಿಸಿದವಳೂ ಅಲ್ಲ. ಆದರೆ ಅವಳ ಹೊಟ್ಟೆಯೊಳಗೆ ಒಂದು ಮುಳ್ಳಿತ್ತು. ಕೋಮಲ ಕಪ್ಪು. ಕೂಸೂ ಕಪ್ಪು. ನಾಮಕರಣದ ದಿನ ನಾದಿನಿ ತೊಟ್ಟಿಲಿಗೆ ಬಗ್ಗಿ, "ಅಯ್ಯೋ, ಅವ್ರವ್ವನ ಬಣ್ಣಾನೇ ತಕ್ಕಂಡ್ಬುಟ್ಟದಲ್ಲ ಬಸವಕ್ಕ," ಅಂದಿದ್ದಳು. ಅವತ್ತು ಬಸವಮ್ಮ, "ಬೆಳೀತಾ ಬೆಳೀತಾ ತಿಳಿಯಾಗ್ತದೆ ಬುಡು," ಅಂದಿದ್ದಳು. ಸೊಸೆ ಅಲ್ಲೇ ಎಲೆ ಅಡಿಕೆ ತಟ್ಟೆ ಹಿಡಿದು ನಿಂತಿದ್ದು ಅವಳ ಗಮನಕ್ಕೆ ಬರಲೇ ಇಲ್ಲ.

ಕೋಮಲ ಕೊಳ್ಳೇಗಾಲಕ್ಕೆ ಹೋದ ದಿನ ಬಸವಮ್ಮ ಕೂಸಿಗೆ ಸ್ನಾನ ಮಾಡಿಸಿದಳು. ಹಣೆಗೆ ವಿಭೂತಿ ಎಳೆದು, ಕಣ್ಣಿಗೆ ದಪ್ಪಗೆ ಕಾಡಿಗೆ ತೀಡಿದಳು. ಹಣೆಗೊಂದು, ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟಳು. ಲೇಸು ಹೊಲಿದ ಕುಲಾವಿ ಕಟ್ಟಿದಳು. ಯಳಂದೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಮೈದುನನ ಮಗ ಪ್ರಭುಸ್ವಾಮಿಯ ಫ್ಲೆಕ್ಸ್ ಅಂಗಡಿ ಇದೆ, ಅಲ್ಲಿಗೆ ಹೋದಳು. ಪ್ರಭುಸ್ವಾಮಿ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದ.

"ಕೂಸು ಚೆನ್ನಾಗ್ ಬಂದದೆ ಕಣ್ ದೊಡ್ಡವ್ವ."

"ಬಂದದೆ, ಬಂದದೆ. ಒಸಿ ಬಣ್ಣ ತಿಳಿ ಮಾಡ್ಲಾ."

"ಪಾಸ್‌ಪೋರ್ಟಿಗೆ ಅಂದ್ಯಲ್ಲ? ಅದ್ರಲ್ಲಿ ಅಂಗೆಲ್ಲ ಮಾಡಂಗಿಲ್ಲ ಅಂತಾರೆ ದೊಡ್ಡವ್ವ."

"ಯಾರ್ ನೋಡಕ್ ಬತ್ತಾರ್ಲಾ? ಊರ್ ಬಾಗ್ಲಲ್ಲಿ ಕಟ್ಟಿರೋ ಫ್ಲೆಕ್ಸಲ್ಲಿ ನೀನೇ ನಿಮ್ ದೊಡ್ಡಪ್ಪನ್ನ ಸುಣ್ಣದ್ ಗೋಡೆ ಮಾಡಿದ್ದೆ. ನನ್ ಮೊಮ್ಮಗಳಿಗೆ ಮಾಡಕ್ಕೆ ಕೈ ನೋಯ್ತದಾ? ಐದ್ ವರ್ಸ ಇರೋ ಪುಸ್ತಕ ಅದು. ಆ ದೇಸದ ಜನವೆಲ್ಲ ನೋಡ್ತಾರೆ."

ದೊಡ್ಡವ್ವನ ಮಾತು ಮೀರುವುದು ಹೇಗೆ? ಪ್ರಭುಸ್ವಾಮಿ ಮುಖ ಬೆಳ್ಳಗೆ ಮಾಡಿದ. ಕೆನ್ನೆಯ ಬೊಟ್ಟು ಅಳಿಸಿದ, ಅಳಿಸುವ ಭರದಲ್ಲಿ ಕೆನ್ನೆಯ ಗುಳಿಯನ್ನೂ ಅಳಿಸಿದ. ಹಿಂದಕ್ಕೆ ಬಿಳಿ ಬಣ್ಣ ತುಂಬಿದ. ಪ್ರಿಂಟು ಹೊರಗೆ ಬಂದಾಗ ಅದರೊಳಗಿದ್ದದ್ದು ಅಕ್ಕಿಹಿಟ್ಟಿನಲ್ಲಿ ಮಾಡಿದ ಗೊಂಬೆಯಂಥ ಒಂದು ಕೂಸು. ಬಸವಮ್ಮನಿಗೆ ಬಹಳ ಖುಷಿಯಾಯಿತು. ಮನೆಗೆ ಬಂದು ಕವರನ್ನು ಸೊಸೆಗೆ ಕೊಡುತ್ತಾ, "ಬಿಚ್ಚಬ್ಯಾಡ ಕಣವ್ವ, ಬೆರಳಿನ ಗುರುತು ಬಿದ್ರೆ ತಕ್ಕಳಲ್ವಂತೆ," ಅಂದಳು. ಪಾಪ, ಕೋಮಲ ನಂಬಿದಳು.

ಬುಧವಾರ ಬೆಳಕು ಹರಿಯುವ ಮೊದಲೇ ಅತ್ತೆ ಸೊಸೆ ಕೂಸನ್ನು ಎತ್ತಿಕೊಂಡು ಮೈಸೂರಿನ ಬಸ್ಸು ಹಿಡಿದರು. ಕಚೇರಿಯ ಬಾಗಿಲಲ್ಲಿ ಒಬ್ಬರನ್ನೇ ಬಿಡುವುದು ಅಂದರು. ಕೂಸು ಅಜ್ಜಿಯ ಸೆರಗು ಬಿಡದೆ ಕಿರುಚಿದ್ದು ನೋಡಿ, ಕಾವಲಿನವನು ಕನಿಕರಪಟ್ಟು ಇಬ್ಬರನ್ನೂ ಒಳಗೆ ಬಿಟ್ಟ. ಆಮೇಲೆ ಬಸವಮ್ಮನಿಗೆ ಅನ್ನಿಸಿದ್ದುಂಟು, ಆ ಪುಣ್ಯಾತ್ಮ ಬಿಡದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ.

ಕೌಂಟರಿನಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ಕಾಗದಗಳನ್ನೆಲ್ಲ ನೋಡಿ ಸರಿಯಿದೆ ಅಂದಳು. ಕವರ್ ಬಿಚ್ಚಿದಳು. ಫೋಟೋ ನೋಡಿದಳು. ಕೂಸನ್ನು ನೋಡಿದಳು. ಮತ್ತೆ ಫೋಟೋ ನೋಡಿದಳು.

"ಈ ಮಗು ಎಲ್ಲಮ್ಮ?"

"ಇದೇ ಮೇಡಂ, ನನ್ ಮಗಳು," ಅಂದಳು ಕೋಮಲ.

ಕೌಂಟರಿನವಳು ಫೋಟೋವನ್ನು ಕೂಸಿನ ಕೆನ್ನೆಯ ಪಕ್ಕಕ್ಕೆ ಹಿಡಿದು ತೋರಿಸಿದಳು. "ನೀವೇ ನೋಡಿ. ಬಣ್ಣ ಬದಲಾಯಿಸಿದ್ದಾರೆ. ಕೆನ್ನೆ ತಿದ್ದಿದ್ದಾರೆ. ತಲೆ ಮೇಲೆ ಟೋಪಿ ಇದೆ, ಕಿವಿ ಕಾಣ್ತಿಲ್ಲ. ನಾನು ತಗೊಂಡರೂ ನಾಳೆ ಏರ್‌ಪೋರ್ಟಲ್ಲಿ ಇದು ಬೇರೆ ಮಗು ಅಂತ ನಿಲ್ಲಿಸ್ಕೊಂಡ್ರೆ ಏನು ಮಾಡ್ತೀರಿ? ತಿದ್ದಿದ ಫೋಟೋ ನಡಿಯಲ್ಲಮ್ಮ."

ಹಿಂದೆ ನಿಂತಿದ್ದವರು ಕತ್ತು ಉದ್ದ ಮಾಡಿ ನೋಡಿದರು. "ಪೌಡರ್ ಡಬ್ಬಿನೇ ಸುರಿದಂಗದೆ," ಅಂತ ಯಾರೋ ಅಂದರು. ನಾಲ್ಕು ಜನ ನಕ್ಕರು. ಕೋಮಲ ಆ ಫೋಟೋವನ್ನು ಕೈಗೆ ತಗೊಂಡಳು. ಅವಳು ಅದನ್ನು ನೋಡುತ್ತಿದ್ದದ್ದು ಅದೇ ಮೊದಲು. ಬಹಳ ಹೊತ್ತು ನೋಡಿದಳು, ಅತ್ತೆಯ ಕಡೆ ತಿರುಗಲಿಲ್ಲ. ಬಸವಮ್ಮನಿಗೆ ಕಿವಿ ಬಿಸಿಯಾಯಿತು, ಕತ್ತು ಬಿಸಿಯಾಯಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕೂಸಿನ ಮುಖವನ್ನು ಸೆರಗಿನಿಂದ ಮುಚ್ಚಿದಳು. ಮುಚ್ಚಿದ ಮೇಲೆ, ಇದನ್ಯಾಕೆ ಮುಚ್ಚಿದೆ ನಾನು ಅಂತ ಇನ್ನಷ್ಟು ನಾಚಿಕೆಯಾಯಿತು.

ಹೊರಗೆ ಒಂದು ಸ್ಟುಡಿಯೋ ಇತ್ತು, ಅಲ್ಲಿಗೆ ಓಡಿದರು. ಕೂಸಿಗೆ ಹಸಿವು, ನಿದ್ದೆ, ಗೊತ್ತಿಲ್ಲದ ಜಾಗ. ದೀಪ ಫಳ್ ಅಂದದ್ದೇ ಚಿಟ್ಟನೆ ಚೀರಿತು. ಒಂದರಲ್ಲಿ ಕಣ್ಣು ಮುಚ್ಚಿತು, ಒಂದರಲ್ಲಿ ಬಾಯಿ ತೆರೆಯಿತು, ಒಂದರಲ್ಲಿ ಕೂಸೇ ಇಲ್ಲ, ಬರೀ ಕಾಲಿತ್ತು. ಅಷ್ಟರಲ್ಲಿ ಕಚೇರಿಯವರು ಇವರಿಗೆ ಕೊಟ್ಟಿದ್ದ ಸಮಯ ಮುಗಿದೇ ಹೋಯಿತು. ಹೊಸ ದಿನಾಂಕ ಸಿಕ್ಕಿದ್ದು ಎಂಟು ದಿನಕ್ಕೆ. ಅದೂ ತಪ್ಪಿದರೆ ತಿಂಗಳು ಮುಗಿಯುತ್ತದೆ, ಒಮಾನಿನ ಮನೆಯೂ ಹೋಗುತ್ತದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕೋಮಲ ಕಿಟಕಿಯ ಕಡೆ ಕೂತಿದ್ದಳು. ಬಸ್ಸು ನರಸೀಪುರ ದಾಟಿತು. ಆಮೇಲೆ ಕೇಳಿದಳು.

"ಅತ್ತೆ, ನನ್ ಕೂಸು ಕಪ್ಪು ಅಂತ ನಿಮ್ಗೆ ನಾಚ್ಕೆನಾ?"

ಬಸವಮ್ಮ ಸತ್ಯ ಹೇಳಬಹುದಿತ್ತು. ಹೇಳಲಿಲ್ಲ. "ಅಯ್ ಶಿವನೆ, ಅಂಗ್ಯಾಕವ್ವ ಅಂತೀಯ? ನಂಗೇನ್ ಗೊತ್ತು? ಎಲ್ಲಾ ಆ ಪ್ರಭುಸ್ವಾಮಿ ಮಾಡಿರೋದು. ಕೇಳ್ದೆನೇ ಮಾಡ್ಬುಟ್ಟವ್ನೆ," ಅಂದಳು. ಕೋಮಲ ಮತ್ತೆ ಕಿಟಕಿಯ ಕಡೆ ತಿರುಗಿದಳು. ನಂಬಿದಳೋ ಇಲ್ಲವೋ ಬಸವಮ್ಮನಿಗೆ ತಿಳಿಯಲಿಲ್ಲ.

ಒಂದು ಸುಳ್ಳು ಹೇಳಿ ಸುಮ್ಮನಿರಲು ಆಗುತ್ತದೆಯೇ? ಮನೆಗೆ ಬಂದರೆ ಗಂಡ ಸದಾಶಿವಪ್ಪ ಕಾಯುತ್ತಿದ್ದ. ವಿಷಯ ಕೇಳಿದ್ದೇ ತಡ, ತಮ್ಮನ ಮಗನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಬಾಯಿಗೆ ಬಂದ ಹಾಗೆ ಬಯ್ದ. "ನಿಂಗೆ ಬುದ್ಧಿ ಅದೇನ್ಲಾ? ನನ್ ಮೊಮ್ಮಗಳ ಮುಖಕ್ಕೇ ಸುಣ್ಣ ಬಳಿದ್ಯಾ? ಇನ್ ನಮ್ಮನೆ ಹೊಸಿಲು ತುಳಿಬ್ಯಾಡ!" ಬಸವಮ್ಮ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಈಗ ಹೇಳಿಬಿಡುತ್ತಾನೆ, ನೀವೇ ದೊಡ್ಡವ್ವನ ಕೇಳಿ ಅನ್ನುತ್ತಾನೆ ಅಂದುಕೊಂಡಳು. ಆದರೆ ಪ್ರಭುಸ್ವಾಮಿ, "ಆಯ್ತು ದೊಡ್ಡಪ್ಪ, ನಂದೇ ತಪ್ಪು," ಅಂದ.

ಅವನು ಬಯ್ದಿದ್ದರೆ ಬಸವಮ್ಮ ತಡೆದುಕೊಳ್ಳುತ್ತಿದ್ದಳು. ಆ ಒಳ್ಳೆಯತನ ತಡೆಯಲಾಗಲಿಲ್ಲ. ಅವತ್ತಿನಿಂದ ಅವಳಿಗೆ ಅನ್ನ ರುಚಿಸಲಿಲ್ಲ. ಸೊಸೆ ಎದುರಿಗೆ ಬಂದರೆ ಸೌದೆ ಜೋಡಿಸುವ ನೆಪ, ಸೊಪ್ಪು ಬಿಡಿಸುವ ನೆಪ. ಕೂಸು ನಕ್ಕರೆ ತಿರುಗಿ ನಗಲೂ ಮುಖವಿಲ್ಲ. ಸಾಯುವವರೆಗೂ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕುವುದು ಹೇಗಪ್ಪ ಅಂತ ಒಳಗೇ ಬೇಯುತ್ತಿದ್ದಳು.

ಶನಿವಾರ ಕೋಮಲ ಅಂಗನವಾಡಿಗೆ ಕೂಸಿನ ತೂಕ ಹಾಕಿಸಲು ಹೋದಾಗ ಟೀಚರ್ ದೀಪನ ಹತ್ತಿರ ಫೋಟೋ ವಿಚಾರ ಹೇಳಿಕೊಂಡಳು. ದೀಪ ಜೋರಾಗಿ ನಕ್ಕಳು. "ಅಷ್ಟೇನಾ? ದಿನಾ ಹಾಜರಿಗೆ ಅಂತ ಮಕ್ಕಳ ಮುಖ ಫೋನಿಗೆ ಹಿಡ್ಸೋದೇ ನನ್ ಕೆಲ್ಸ ಆಗದೆ ಕಣೇ ಕೋಮಲ. ಸ್ಟುಡಿಯೋ ಗೀಡಿಯೋ ಬ್ಯಾಡ. ಕೂಸು ತನ್ನ ಮನೇಲಿ ಆಡ್ಕೊಂಡಿರ್ತದೆ, ಅಲ್ಲೇ ತೆಗೀಮ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬತ್ತೀನಿ. ಅಷ್ಟೊತ್ಗೆ ಕೂಸಿನ ಹೊಟ್ಟೆ ತುಂಬಿರ್ಲಿ, ಒಂದು ನಿದ್ದೆ ಆಗಿರ್ಲಿ."

ಹೇಳಿದ ಹೊತ್ತಿಗೆ ಸರಿಯಾಗಿ ದೀಪ ಬಂದಳು. ಜಗುಲಿಯ ಮೇಲೆ ನಿಂತು ಸುತ್ತ ನೋಡಿದಳು. "ಇಲ್ಲೇ ಸರಿ. ಬೆಳಕು ಎದ್ರುಗಡೆಯಿಂದ ಬತ್ತದೆ, ಬಿಸ್ಲು ಮಾತ್ರ ಮುಖಕ್ಕೆ ಬೀಳಲ್ಲ. ಒಂದು ಬಿಳಿ ಬಟ್ಟೆ ಕೊಡಿ, ಗೋಡೆಗೆ ಕಟ್ಟಣ. ಸುಕ್ಕು, ಅಂಚು ಕಾಣ್ಬಾರ್ದು."

ಸದಾಶಿವಪ್ಪ ತಟ್ಟನೆ ಎದ್ದ. "ಏನವ್ವ ಟೀಚರಮ್ಮ, ಕೂಸಿನ್ ಹಿಂದೆ ಬಿಳಿ ಬಟ್ಟೆ ಕಟ್ಟದಾ? ನೋಡ್ದೋರ್ ಏನಂದಾರು? ಹೆಣ್ಕೂಸು, ಹಸ್ರುದೋ ಕೆಂಪುದೋ ಸೀರೆ ಕಟ್ಟು. ಬಿಳಿದು ಮನೇಲಿ ಕೆಟ್ಟದ್ದಾದಾಗ ತರ್ತಾರೆ."

"ಅಪ್ಪೋರೆ, ತೊಟ್ಟಿಲಿಗೆ ಏನ್ ಹಾಸಿದ್ದೀರಿ?"

"ಇನ್ನೇನು, ನನ್ ಹಳೇ ಪಂಚೆ."

"ಅದ್ಯಾವ ಬಣ್ಣ?"

ಸದಾಶಿವಪ್ಪ ಬಾಯಿ ತೆರೆದ, ಮುಚ್ಚಿದ. ಎದ್ದು ಒಳಗೆ ಹೋಗಿ ಮಡಿಕೆ ಬಿಚ್ಚದ ಹೊಸ ಪಂಚೆಯನ್ನೇ ತಂದು ಕೊಟ್ಟ. ದೀಪ ಅದನ್ನು ಬಿಗಿಯಾಗಿ ಎಳೆದು ಗೋಡೆಗೆ ಕಟ್ಟಿದಳು.

"ಕೂಸಿಗೆ ಬಿಳಿ ಅಂಗಿ ಬ್ಯಾಡ, ಬಟ್ಟೆ ಜೊತೆ ಸೇರ್ಕೊಂಡ್ಬುಡ್ತದೆ. ಆ ನೀಲಿ ಫ್ರಾಕ್ ಹಾಕು ಕೋಮಲ. ಕುಲಾವಿ ತೆಗಿ. ಹಣೆ ಮೇಲಿನ ಕೂದ್ಲು ಹಿಂದಕ್ ಸವ್ರು, ಎರಡು ಕಿವೀನೂ ಕಾಣ್ಲಿ. ಕಾಡಿಗೆ, ಬೊಟ್ಟು ಎಲ್ಲಾ ಒರ್ಸಿ."

"ಬೊಟ್ಟು ಒರ್ಸದಾ?" ಬಸವಮ್ಮ ಅವತ್ತು ಮೊದಲ ಸಲ ಬಾಯಿ ಬಿಟ್ಟಳು. "ದೃಷ್ಟಿ ಆಗದಿಲ್ವಾ?"

"ಅಂಗಾಲಿಗೆ ಇಡಿ ಬಸವಮ್ಮೋರೆ. ದೃಷ್ಟೀನೂ ಆಗಲ್ಲ, ಫೋಟೋಕೂ ಸಿಕ್ಕಲ್ಲ."

ಅಷ್ಟು ಹೇಳಿ ದೀಪ ಫೋನ್ ತೆಗೆದು ಏನೋ ಒತ್ತುತ್ತಿದ್ದಳು. ಸದಾಶಿವಪ್ಪ ಬಗ್ಗಿ ನೋಡಿ, ಏನದು ಅಂತ ಕೇಳಿದ.

"ಈಗಿನ ಫೋನ್ಗಳು ಕೇಳ್ದೆನೇ ಮುಖ ಬೆಳ್ಳಗೆ, ನುಣ್ಣಗೆ ಮಾಡ್ತವೆ ಅಪ್ಪೋರೆ. ಬ್ಯೂಟಿ ಅಂತ ಇರ್ತದೆ, ಅದನ್ನ ಆಫ್ ಮಾಡ್ತಾ ಇವ್ನಿ. ಫ್ಲಾಷೂ ಆಫ್. ಇದ್ದಂಗೇ ಬರ್ಬೇಕು."

"ನೋಡ್ದಾ! ಫೋನಿಗಾದ್ರೂ ಬುದ್ಧಿ ಇಲ್ಲ ಅನ್ಬೋದು. ಆ ಪ್ರಭುಸ್ವಾಮಿಗೆ ಏನ್ ಬಂದಿತ್ತು ಕೇಡು? ನಾಳೆ ಅವ್ರಪ್ಪನ್ನೂ ಕೂರ್ಸಿ ಪಂಚಾಯ್ತಿ ಮಾಡ್ತೀನಿ. ಅವ್ನು ಇನ್ನು ನನ್ ತಮ್ಮನ್ ಮಗನೇ ಅಲ್ಲ..."

"ಅವ್ನಲ್ಲ," ಅಂದಳು ಬಸವಮ್ಮ.

ಯಾರಿಗೂ ಅರ್ಥವಾಗಲಿಲ್ಲ. ಕೋಮಲ ಫ್ರಾಕಿನ ಗುಂಡಿ ಹಾಕುತ್ತಿದ್ದವಳು ಹಾಗೇ ನಿಂತಳು.

"ಅವ್ನಲ್ಲ ಕಣ್ರಿ, ನಾನು. ನಾನೇ ತಿಳಿ ಮಾಡ್ಲಾ ಅಂದಿದ್ದು. ಮಾಡಂಗಿಲ್ಲ ದೊಡ್ಡವ್ವ ಅಂದ ಅವ್ನು. ನಾನೇ ಬಲವಂತ ಮಾಡ್ದೆ. ಬಸ್ಸಲ್ಲಿ ಈ ಸೊಸೆ ಮುಂದೆ ಸುಳ್ಳಾಡ್ದೆ. ಇವ್ರು ಅವನ್ನ ಬಯ್ಯೋವಾಗ ಬಾಗ್ಲಿಂದೆ ನಿಂತ್ಕಂಡು ಸುಮ್ನೆ ಕೇಳ್ದೆ." ಬಸವಮ್ಮ ಸೊಸೆಯ ಕಡೆ ತಿರುಗಿದಳು. "ಕೇಳ್ದ್ಯಲ್ಲ ಕೋಮಲಾ, ನಾಚ್ಕೆನಾ ಅಂತ? ಊ ಕಣವ್ವ. ಇತ್ತು. ಜನ ಏನಂದಾರು ಅಂತ ಇತ್ತು. ಈಗ ಕೂಸಿನ ಬಣ್ಣ ನೋಡಿ ಅಲ್ಲ, ನನ್ನ ಬುದ್ಧಿ ನೋಡ್ಕಂಡೇ ನಾಚ್ಕೆ ಆಗ್ತಾ ಅದೆ."

ಸದಾಶಿವಪ್ಪ ಹೆಂಡತಿಯನ್ನು ನೋಡಿದ, ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ದೀಪ ಫೋನಿನಿಂದ ತಲೆ ಎತ್ತಲಿಲ್ಲ. ಬಸವಮ್ಮ ಸೊಸೆಯ ಮುಖ ನೋಡುವ ಧೈರ್ಯವಿಲ್ಲದೆ ಅವಳ ಕಾಲುಂಗುರ ನೋಡುತ್ತಾ ನಿಂತಳು.

ಕೋಮಲ ಫ್ರಾಕಿನ ಕೊನೆಯ ಗುಂಡಿ ಹಾಕಿದಳು. ಮಾತಾಡಿದಾಗ ಜೋರು ಮಾಡಲೂ ಇಲ್ಲ, ಅಳಲೂ ಇಲ್ಲ. "ನಂಗೆ ಅಂದಿದ್ರೆ ತಡ್ಕತಿದ್ದೆ ಅತ್ತೆ. ಬಂದಾಗ್ಲಿಂದ ತಡ್ಕಂಡಿವ್ನಿ. ಇವ್ಳು ದೊಡ್ಡೋಳಾಗಿ ಆ ಪುಸ್ತಕ ತೆಗ್ದು, ಇದ್ಯಾರವ್ವ ಅಂತ ನನ್ನ ಕೇಳಿದ್ರೆ ಏನ್ ಏಳ್ಬೇಕಿತ್ತು? ನಿನ್ ಮುಖ ನಮ್ಗೆ ಸಾಲ್ದೇ ಓಯ್ತು ಕಣವ್ವ ಅನ್ಬೇಕಿತ್ತಾ?"

ಕೋಮಲ ಕೂಸನ್ನು ಅತ್ತೆಯ ಕೈಗೆ ಕೊಟ್ಟಳು. ಒಂದು ಒದ್ದೆ ಬಟ್ಟೆಯನ್ನೂ ಕೊಟ್ಟಳು. "ಕಾಡಿಗೆ ಒರ್ಸಿ. ನೀವೇ ಒರ್ಸಿ," ಅಂದಳು.

ಬಸವಮ್ಮ ಕೂತು ಒರೆಸಿದಳು. ಕಣ್ಣಿನ ಕೊನೆಯಿಂದ ಮೆಲ್ಲಗೆ, ಹಣೆಯ ವಿಭೂತಿ, ಕೆನ್ನೆಯ ಬೊಟ್ಟು, ಎಲ್ಲ. ಒರೆಸುತ್ತಾ ಒರೆಸುತ್ತಾ ಕೂಸಿನ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿದಳು. ಹತ್ತು ತಿಂಗಳಿಂದ ಎತ್ತಿ ಆಡಿಸಿದ್ದಳು, ಹೀಗೆ ನೋಡಿರಲಿಲ್ಲ. ಆಮೇಲೆ ಕೂಸಿನ ಅಂಗಾಲು ಎತ್ತಿ ಬೊಟ್ಟು ಇಟ್ಟಳು. ಕೂಸು ಕಚಗುಳಿಯಾಗಿ ಕಾಲು ಝಾಡಿಸಿತು.

ಕೋಮಲ ಪಂಚೆಯಿಂದ ಒಂದು ಮೊಳ ಮುಂದೆ ಕೂಸನ್ನು ಕೂರಿಸಿ, ಪಕ್ಕದಿಂದ ಸೊಂಟ ಹಿಡಿದುಕೊಂಡಳು. ಬಟ್ಟೆಗೆ ಅಂಟಿಸಿ ಕೂರಿಸಿದರೆ ನೆರಳು ಬೀಳುತ್ತದೆ, ಮೇಲಿನಿಂದ ಹಿಡಿದರೆ ಕೈ ಕಾಣುತ್ತದೆ ಅಂತ ದೀಪ ಹೇಳಿಕೊಟ್ಟಳು. ತಾನು ಮೂರು ಮೊಳ ದೂರದಲ್ಲಿ ಮಂಡಿಯೂರಿ ಕೂತು, ಫೋನನ್ನು ಕೂಸಿನ ಕಣ್ಣಿನ ಮಟ್ಟಕ್ಕೇ ಹಿಡಿದಳು. ಇನ್ನೇನು ತೆಗೆಯಬೇಕು, ಕೂಸು ಅತ್ತ ತಿರುಗಿತು. ಸದಾಶಿವಪ್ಪ ಚಿಟಿಕೆ ಹೊಡೆದರೆ ಇತ್ತ ತಿರುಗಿತು. ಅದು ನೋಡುತ್ತಿದ್ದದ್ದು ಅಜ್ಜಿಯನ್ನು, ಅಜ್ಜಿ ಕಂಬದ ಮರೆಗೆ ಹೋಗಿ ನಿಂತಿದ್ದಳು.

"ಬಸವಮ್ಮೋರೆ, ನೀವ್ಯಾಕೆ ಅಲ್ಲಿ ಅವಿತ್ಕಂಡಿದೀರಿ? ನನ್ ಬೆನ್ನಿಂದೆ ಬನ್ನಿ. ಫೋನಿನ ಮೇಲಿಂದ ನಿಮ್ ಮುಖ ಕಾಣ್ಲಿ ಅದಕ್ಕೆ."

ಬಸವಮ್ಮ ಬಂದು ನಿಂತಳು. ಕೂಸು ಎರಡು ಹಲ್ಲು ಬಿಟ್ಟು ಕಿಲಕಿಲ ನಕ್ಕಿತು. "ಚಿನ್ನದಂಥ ನಗು. ಆದ್ರೆ ಬಾಯಿ ಮುಚ್ಚಿರ್ಬೇಕಲ್ಲ," ಅಂತ ದೀಪ ಪೇಚಾಡಿದಳು. ಹತ್ತು ತೆಗೆದಳು, ಹದಿನೈದು ತೆಗೆದಳು, ಎಲ್ಲದರಲ್ಲೂ ನಗುವೇ. ಅಜ್ಜಿಯ ಮೇಲೆ ಅಷ್ಟು ನಂಬಿಕೆ ಆ ಕೂಸಿಗೆ. ಅದನ್ನು ಕಂಡು ಬಸವಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಬೆಳಗಿನಿಂದ ಹಿಡಿದಿಟ್ಟಿದ್ದ ಕಣ್ಣೀರು ಬಳಬಳನೆ ಇಳಿಯಿತು.

ಕೂಸು ನಗು ನಿಲ್ಲಿಸಿತು. ಬಾಯಿ ಮುಚ್ಚಿತು. ಅಜ್ಜಿಗೆ ಏನಾಯಿತು ಅಂತ ಕಣ್ಣರಳಿಸಿ ನೇರವಾಗಿ ನೋಡಿತು.

"ಬಂತು!" ಅಂದಳು ದೀಪ.

ಎಲ್ಲರೂ ಫೋನಿನ ಸುತ್ತ ಸೇರಿದರು. ಕಣ್ಣು ತೆರೆದಿದೆ, ಬಾಯಿ ಮುಚ್ಚಿದೆ, ಎರಡು ಕಿವಿಯೂ ಇವೆ, ಹಿಂದೆ ಬಿಳಿ ಬಿಟ್ಟರೆ ಬೇರೇನಿಲ್ಲ. ನಡುವೆ ಗಾನವಿ. ಕಪ್ಪಗೆ, ದುಂಡಗೆ, ಕೆನ್ನೆಯ ಗುಳಿಯ ಗುರುತಿನ ಸಮೇತ. ಬಸವಮ್ಮ ಸೆರಗಿನಿಂದ ಮೂಗೊರೆಸಿಕೊಂಡು, "ಇದು ನಮ್ ಕೂಸು," ಅಂದಳು.

ಪ್ರಿಂಟು ಹಾಕಿಸಲು ಬಸವಮ್ಮ ತಾನೇ ಪ್ರಭುಸ್ವಾಮಿಯ ಅಂಗಡಿಗೆ ಹೋದಳು. ಅಂಗಡಿಯಲ್ಲಿ ಮೂರು ಜನ ಗಿರಾಕಿಗಳಿದ್ದರು. ಅವರು ಹೋಗಲಿ ಅಂತ ಕಾಯೋಣ ಅನ್ನಿಸಿತು. ಕಾಯಲಿಲ್ಲ. "ತಪ್ಪಾಯ್ತು ಕಣ್ಲಾ ಪ್ರಭು. ಮಾಡಿದ್ದು ನಾನು, ಬಯ್ಸಿಕಂಡಿದ್ದು ನೀನು," ಅಂದಳು. ಅವನಿಗೇ ಮುಜುಗರವಾಗಿ, "ಬುಡು ದೊಡ್ಡವ್ವ, ನಾನುವೆ ಮಾಡಲ್ಲ ಅನ್ಬೇಕಿತ್ತು," ಅಂದ. ದೀಪ ಕಳಿಸಿದ್ದ ಫೋಟೋವನ್ನು ಕಂಪ್ಯೂಟರಿಗೆ ಹಾಕಿಕೊಂಡ. ವಾಟ್ಸಾಪಿನಲ್ಲಿ ಬರೀ ಫೋಟೋ ಅಂತ ಕಳಿಸಿದರೆ ಮಸುಕಾಗುತ್ತದೆ ಅಂತ ಅವಳು ಡಾಕ್ಯುಮೆಂಟ್ ಮಾಡಿ ಕಳಿಸಿದ್ದಳು. ಪ್ರಭುಸ್ವಾಮಿ ಬಣ್ಣ ಮುಟ್ಟಲಿಲ್ಲ, ಕೆನ್ನೆ ಮುಟ್ಟಲಿಲ್ಲ. ಮುಖ ದೊಡ್ಡದಾಗಿ ಕಾಣುವಂತೆ ಅಳತೆಗೆ ಕತ್ತರಿಸಿದ ಅಷ್ಟೇ. ಅಗಲ ಮೂರೂವರೆ ಸೆಂಟಿಮೀಟರು, ಎತ್ತರ ನಾಲ್ಕೂವರೆ.

ಗುರುವಾರ ಮತ್ತೆ ಮೈಸೂರು. ಈ ಸಲ ಬಸವಮ್ಮ ಒಳಗೆ ಹೋಗಲಿಲ್ಲ, ಹೊರಗೆ ಮರದ ಕೆಳಗೆ ಕೂತಳು. ಒಳಗೆ ಹೋದವರು ಒಬ್ಬೊಬ್ಬರೇ ಹೊರಗೆ ಬರುತ್ತಿದ್ದರು, ಇವರು ಬರಲಿಲ್ಲ. ಈ ಸಲವೂ ವಾಪಸ್ ಕಳಿಸಿದರೆ ನನ್ನ ಮಗನಿಗೆ ಯಾವ ಮುಖ ತೋರಿಸಲಿ ಅಂತ ಶಿವಶಿವಾ ಅನ್ನುತ್ತಿದ್ದಳು. ಕೊನೆಗೆ ಕೋಮಲ ಕೂಸನ್ನು ಎತ್ತಿಕೊಂಡು ಬಂದಳು.

"ಏನಂದ್ರವ್ವ?"

"ಏನೂ ಅನ್ನಿಲ್ಲ ಅತ್ತೆ. ಫೋಟೋ ನೋಡಿದ್ರು, ಇವಳನ್ನ ನೋಡಿದ್ರು, ಇಟ್ಕೊಂಡ್ರು."

ಅಷ್ಟೇ. ಸರಿಯಾದ ಫೋಟೋಗೆ ಯಾರೂ ಏನೂ ಅನ್ನುವುದಿಲ್ಲ. ಪಾಸ್‌ಪೋರ್ಟ್ ತಿಂಗಳ ಕೊನೆಗೆ ಮೂರು ದಿನ ಮುಂಚೆ ಅಂಚೆಯಲ್ಲಿ ಬಂತು, ನಕಲು ಅವತ್ತೇ ಒಮಾನಿಗೆ ಹೋಯಿತು, ಮನೆ ಉಳಿಯಿತು. ಮುಂದಿನ ತಿಂಗಳು ಅಪ್ಪ ಮಗಳನ್ನು ಎತ್ತಿಕೊಂಡ. ಕೋಮಲ ಅತ್ತೆಯನ್ನು ಪೂರ್ತಿ ಕ್ಷಮಿಸಿದಳೋ ಏನೋ, ಅದು ಅವರಿಬ್ಬರಿಗೆ ಬಿಟ್ಟದ್ದು. ಹೊರಡುವ ದಿನ ಮಾತ್ರ, ಉಳಿದಿದ್ದ ಕೂಸಿನ ಒಂದು ಫೋಟೋವನ್ನು ಅತ್ತೆಯ ಕೈಯಲ್ಲಿಟ್ಟು ಹೋದಳು.

ಇದೆಲ್ಲ ನಮಗೆ ಹೇಗೆ ತಿಳಿಯಿತು ಅಂತೀರಾ? ಬಸವಮ್ಮನೇ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದಳು. ಪೌಡರ್ ಡಬ್ಬಿಯ ಮಾತಿಗೆ ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂತಿದ್ದ ಒಬ್ಬ ತಾಯಿ ಮಾತ್ರ ನಗಲಿಲ್ಲ. ಗಂಡಿನ ಕಡೆಯವರಿಗೆ ಕಳಿಸಲು ಮಗಳ ಫೋಟೋ ತಿಳಿ ಮಾಡಿಸಿ ಚೀಲದಲ್ಲಿಟ್ಟುಕೊಂಡು ಬಂದಿದ್ದಳಂತೆ. ಸಭೆ ಮುಗಿದ ಮೇಲೆ ದೀಪನ ಹತ್ತಿರ ಹೋಗಿ, "ನನ್ ಮಗಳದ್ದೂ ಒಂದು ತೆಗ್ದುಕೊಡವ್ವ, ಅವ್ಳು ಇರಂಗೆ," ಅಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಕೂಸಿಗೆ ಪಾಸ್‌ಪೋರ್ಟ್ ಬೇಕಾಗಬಹುದು. ಹೆದರಬೇಡಿ, ಒಂದು ಫೋನು, ಒಂದು ಬಿಳಿ ಪಂಚೆ ಇದ್ದರೆ ಸಾಕು. ಬೆಳಗಿನ ಬೆಳಕಿನಲ್ಲಿ, ಕೂಸಿನ ಹೊಟ್ಟೆ ತುಂಬಿದ ಮೇಲೆ, ಜಗುಲಿಯಲ್ಲೇ ತೆಗೆಯಿರಿ. ಟೋಪಿ, ಕಾಡಿಗೆ, ದೊಡ್ಡ ಬೊಟ್ಟು ತೆಗೆದುಬಿಡಿ. ಹಿಂದೆ ನೆರಳು ಬೀಳದಿರಲಿ, ಕಣ್ಣು ತೆರೆದಿರಲಿ, ಯಾರ ಕೈಯೂ ಕಾಣದಿರಲಿ. ಒಂದಲ್ಲ, ಐವತ್ತು ತೆಗೆಯಿರಿ, ಸರಿಯಾದದ್ದೊಂದು ಸಿಕ್ಕೇ ಸಿಗುತ್ತದೆ. ಸಿಕ್ಕ ಮೇಲೆ ಅದನ್ನು ತಿದ್ದಲು ಯಾರ ಕೈಗೂ ಕೊಡಬೇಡಿ. ಹೋಗುವ ಮೊದಲು ಕವರ್ ಬಿಚ್ಚಿ ನೀವೇ ಒಮ್ಮೆ ನೋಡಿ.

ಈ ಕಥೆ ಬರೆದುಕೊಳ್ಳುವಾಗ ಹೆಸರು ಬದಲಾಯಿಸೋಣವೇ ಅಂತ ಬಸವಮ್ಮನನ್ನು ಕೇಳಿದೆವು. ಅವಳು ಒಪ್ಪಲಿಲ್ಲ. "ನನ್ ಎಸ್ರೇ ಇರ್ಲಿ. ನಾನ್ ಪಟ್ಟ ನಾಚ್ಕೆ ನನ್ಗೇ ಮುಗೀಲಿ. ಇನ್ಯಾವ ಅಜ್ಜೀನೂ ಸೊಸೆ ಮುಂದೆ ಅಂಗೆ ತಲೆ ತಗ್ಗುಸ್ಬಾರ್ದು ಅಂತ ಏಳಿ," ಅಂದಳು.